ಹೊಸೂರಿನ ಜಮೀನು ಯಾರ ಕೈಯಲ್ಲಿ ದುಡ್ಡಾಯಿತು

ಹೊಸೂರಿನಿಂದ ಬೆಂಗಳೂರಿಗೆ 40 ಕಿಲೋಮೀಟರ್. ಚೆನ್ನೈಗೆ 300 ಕಿಲೋಮೀಟರಿಗೂ ಜಾಸ್ತಿ. ನಮ್ಮ ಪಟ್ಟಾ (ಜಮೀನಿನ ಹಕ್ಕುಪತ್ರ), ರೇಷನ್ ಕಾರ್ಡು, ಕರೆಂಟ್ ಬಿಲ್ಲು ಎಲ್ಲ ತಮಿಳುನಾಡಿನವು. ಸೈಟಿನ ಬೆಲೆ, ಮನೆ ಬಾಡಿಗೆ, ಕೆಲಸದ ಸುದ್ದಿ ಮಾತ್ರ ಬೆಂಗಳೂರು ಕಡೆಯಿಂದ ಬರುತ್ತವೆ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಹೆಚ್ಚಿದರೆ ನಮ್ಮ ಜೂಜುವಾಡಿಯಲ್ಲಿ ಬಾಡಿಗೆ ಏರುತ್ತದೆ. ಬಾಗಲೂರು ರಸ್ತೆಯಲ್ಲಿ, ತಳಿ ರಸ್ತೆಯಲ್ಲಿ ರಾಗಿ ಹೊಲಗಳ ನಡುವೆ ಕಲ್ಲು ನೆಟ್ಟು ಸೈಟು ಮಾಡಿದ್ದಾರೆ. ಅವಕ್ಕೆಲ್ಲ ‘ಡಿ.ಟಿ.ಸಿ.ಪಿ. ಅಪ್ರೂವ್ಡ್’, ಅಂದರೆ ನಗರ ಯೋಜನೆ ಇಲಾಖೆ ಒಪ್ಪಿದ್ದು, ಅಂತ ಬೋರ್ಡು.

ಊರು ಬೆಳೆದಿದೆ, ಅದರಲ್ಲಿ ಅನುಮಾನ ಇಲ್ಲ. ಕೆಲಸವೂ ಸಿಕ್ಕಿದೆ. ಆದರೆ ಇಲ್ಲಿ ಯಾರು ಎಷ್ಟು ದುಡಿದರು ಅನ್ನುವುದಕ್ಕಿಂತ, ಬೆಲೆ ಏರಿದ ಹೊತ್ತಿನಲ್ಲಿ ಜಮೀನು ಯಾರ ಹೆಸರಿನಲ್ಲಿತ್ತು ಅನ್ನುವುದೇ ಅವರ ಇವತ್ತಿನ ಸ್ಥಿತಿಯನ್ನು ತೀರ್ಮಾನಿಸಿದೆ. ಮೂವತ್ತು ವರ್ಷ ಮೆಷಿನ್ ಮುಂದೆ ನಿಂತವರ ಉಳಿತಾಯಕ್ಕಿಂತ, ಎರಡು ಎಕರೆಯನ್ನು ಹತ್ತು ವರ್ಷ ಸುಮ್ನೆ ಬೀಳು ಬಿಟ್ಟವರ ಲಾಭ ದೊಡ್ಡದು. ಇದು ಅದೃಷ್ಟದ ಮಾತಲ್ಲ. ಇದರ ಹಿಂದೆ ಕಾನೂನುಗಳಿವೆ, ಸರ್ಕಾರಗಳ ತೀರ್ಮಾನಗಳಿವೆ. ಅವು ಹೇಗೆ ಕೆಲಸ ಮಾಡುತ್ತವೆ ಅಂತ ಒಂದೊಂದಾಗಿ ನೋಡೋಣ.

1956ರಲ್ಲಿ ರಾಜ್ಯಗಳ ಗಡಿ ಗೆರೆ ಎಳೆದಾಗ ಹೊಸೂರು ಮದ್ರಾಸಿಗೇ ಉಳಿಯಿತು. ಕನ್ನಡ, ತೆಲುಗು, ತಮಿಳು ಮೂರೂ ಆಡುವ, ರಾಗಿ ಬೆಳೆಯುವ, ಹಿಂದುಳಿದ ಮೂಲೆ ಇದು. 1971ರಲ್ಲಿ ತಮಿಳುನಾಡು ಸರ್ಕಾರ ಕೈಗಾರಿಕೆ ಬೆಳೆಸಲು ಸಿಪ್ಕಾಟ್ ಸಂಸ್ಥೆ ಕಟ್ಟಿತು. ಅದು ಮೊದಮೊದಲು ಕೈಗಾರಿಕಾ ಪ್ರದೇಶ ಮಾಡಿದ ಊರುಗಳಲ್ಲಿ ಹೊಸೂರೂ ಒಂದು. ಲೆಕ್ಕ ಸ್ಪಷ್ಟವಾಗಿತ್ತು. ಬೆಂಗಳೂರಿನ ಇಂಜಿನಿಯರುಗಳು, ಅಲ್ಲಿನ ಮಾರುಕಟ್ಟೆ, ಅಲ್ಲಿನ ವಿಮಾನ ನಿಲ್ದಾಣ ಎಲ್ಲ ಹತ್ತಿರ. ಜಮೀನು ಮಾತ್ರ ತಮಿಳುನಾಡಿನ ಬೆಲೆಗೆ, ಹಿಂದುಳಿದ ಪ್ರದೇಶದ ರಿಯಾಯಿತಿಯ ಜೊತೆಗೆ. 1980ರ ದಶಕದಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಅತ್ತ ಕರ್ನಾಟಕ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1978ರಲ್ಲೇ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿತ್ತು. ಒಂದೇ ಹೆದ್ದಾರಿಯ ಎರಡು ಕಡೆ ಎರಡು ಸರ್ಕಾರಗಳು ಕೈಗಾರಿಕೆಗೆ ಜಾಗ ತೆರೆದವು. ನಡುವೆ ಉಳಿದದ್ದು ಅತ್ತಿಬೆಲೆ ಗಡಿ ಒಂದೇ.

2001ರಲ್ಲಿ ಹೊಸೂರಿನ ಜನಸಂಖ್ಯೆ ಸುಮಾರು 84 ಸಾವಿರ. 2011ರಲ್ಲಿ 1 ಲಕ್ಷ 16 ಸಾವಿರ. ಆಮೇಲೆ ಮತ್ತಿಗಿರಿ, ಜೂಜುವಾಡಿ, ಮೂಕಂಡಪಳ್ಳಿ ಕಡೆಯ ಊರುಗಳೂ ಒಳಗೆ ಸೇರಿ, 2019ರಲ್ಲಿ ಕಾರ್ಪೊರೇಷನ್ ಆಯಿತು. 2021ರ ಜನಗಣತಿ ನಡೆಯಲಿಲ್ಲ, ಅದು 2027ಕ್ಕೆ ಹೋಯಿತು. ಹೀಗಾಗಿ ಎಷ್ಟು ನೀರು ಬೇಕು, ಎಷ್ಟು ಶಾಲೆ ಬೇಕು ಅಂತ ಲೆಕ್ಕ ಹಾಕುವವರ ಮುಂದೆ ಇವತ್ತಿಗೂ ಇರುವುದು 2011ರ ಎಣಿಕೆ. ರೂಮಿನಲ್ಲಿ ನಾಲ್ಕು ಜನ ಸೇರಿ ಇರುವ ಕಾರ್ಮಿಕರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಜಮೀನಿನ ಲೆಕ್ಕ

ಕರ್ನಾಟಕದಲ್ಲಿ 2020ರ ತನಕ ರೈತರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳು ಅದಕ್ಕೆ ತಡೆ ಹಾಕಿದ್ದವು. ತಮಿಳುನಾಡಿನಲ್ಲಿ ಅಂಥ ತಡೆ ಇಲ್ಲ. ಒಬ್ಬರಿಗೆ ಇಷ್ಟೇ ಜಮೀನು ಅನ್ನುವ ಭೂಮಿತಿಯ ಒಳಗಿದ್ದರೆ ಯಾರು ಬೇಕಾದರೂ ಹೊಲ ಕೊಳ್ಳಬಹುದು. ಬೆಂಗಳೂರಿನಲ್ಲಿ ದುಡ್ಡು ಮಾಡಿದವರು ಆನೇಕಲ್ಲಿನಲ್ಲಿ ಕೊಳ್ಳಲಾಗದ ಹೊಲವನ್ನು ಅರ್ಧ ಗಂಟೆ ಮುಂದೆ ಬಂದು ಕೊಳ್ಳಬಹುದಿತ್ತು. ಐಟಿ ಬೆಳೆದ ಕಾಲದಲ್ಲಿ ಆ ಹಣಕ್ಕೆ ಇದು ಸುಲಭದ ದಾರಿ. ನಮ್ಮ ಕಡೆಯ ರೈತರು ಹೊಲ ಮಾರಿದ್ದಕ್ಕೆ ಮಳೆ ಕೈಕೊಟ್ಟದ್ದು, ಬೋರ್‌ವೆಲ್ ಬತ್ತಿದ್ದು, ಮಗಳ ಮದುವೆ, ಹೀಗೆ ನೂರು ಕಾರಣ ಇರುತ್ತಿದ್ದವು. ಕೊಳ್ಳುವವರಿಗೆ ಇದ್ದ ಕಾರಣ ಒಂದೇ, ಬೆಲೆ ಏರುತ್ತದೆ ಅನ್ನುವುದು.

ಮೊದಲು ಮಾರಿದವರು ಯಾರು? ಸಾಲ ಇದ್ದವರು, ಅರ್ಧ ಎಕರೆ ಒಂದು ಎಕರೆ ಇದ್ದವರು. ಕಾಯುವ ಶಕ್ತಿ ಇಲ್ಲದವರು. ಇಪ್ಪತ್ತು ಎಕರೆ ಇದ್ದ ಮನೆಯವರು ಎರಡು ಎಕರೆ ಮಾರಿ, ಆ ದುಡ್ಡಿನಲ್ಲಿ ಮಿಕ್ಕದ್ದನ್ನು ಉಳಿಸಿಕೊಂಡರು. ರಸ್ತೆ ಬಂದ ಮೇಲೆ, ಲೇಔಟ್ ಬಂದ ಮೇಲೆ ಅವರು ಚದರ ಅಡಿ ಲೆಕ್ಕದಲ್ಲಿ ಮಾರಿದರು. ಒಂದೇ ಊರು, ಒಂದೇ ಮಣ್ಣು. ಎಕರೆ ಲೆಕ್ಕದಲ್ಲಿ ಮಾರಿದವರ ಮಕ್ಕಳು ಇವತ್ತು ಅದೇ ಲೇಔಟಿನ ಗೇಟಿನಲ್ಲಿ ವಾಚ್‌ಮನ್. ಇದು ನಮ್ಮ ಕಡೆ ಎಲ್ಲರೂ ಕಂಡಿರುವ ವಿಷಯ, ಯಾರೂ ಹೊಸದಾಗಿ ಹೇಳಬೇಕಿಲ್ಲ.

ಇನ್ನು ತೆರಿಗೆ. ಆದಾಯ ತೆರಿಗೆ ಕಾನೂನಿನ ಪ್ರಕಾರ, ಒಂದು ಲಕ್ಷದಿಂದ ಹತ್ತು ಲಕ್ಷ ಜನಸಂಖ್ಯೆಯ ಊರಿನ ಗಡಿಯಿಂದ 6 ಕಿಲೋಮೀಟರ್ ಆಚೆ ಇರುವ ಕೃಷಿ ಜಮೀನು ಮಾರಿದರೆ, ಆ ಲಾಭಕ್ಕೆ ತೆರಿಗೆ ಇಲ್ಲ. ರೈತರಿಗೆ ಅನುಕೂಲ ಆಗಲಿ ಅಂತ ಮಾಡಿದ ನಿಯಮ, ತಪ್ಪೇನಿಲ್ಲ. ಆದರೆ ಹೂಡಿಕೆಗೆ ಹೊಲ ಕೊಂಡು, ಹೆಸರಿಗೆ ಒಂದಷ್ಟು ಹುರುಳಿ ಚೆಲ್ಲಿ, ಐದು ವರ್ಷದ ಮೇಲೆ ಮಾರುವವರೂ ಇದೇ ನಿಯಮದ ಒಳಗೆ ನುಸುಳುತ್ತಾರೆ. ಕಾರ್ಖಾನೆಯ ಕೂಲಿಗಾರರು ಸೋಪಿಗೂ ಬಿಸ್ಕತ್ತಿಗೂ ಜಿಎಸ್‌ಟಿ ಕಟ್ಟುತ್ತಾರೆ. ಸರ್ಕಾರದ ರಸ್ತೆಯಿಂದ, ಸರ್ಕಾರದ ಕೈಗಾರಿಕಾ ಪ್ರದೇಶದಿಂದ ಏರಿದ ಜಮೀನಿನ ಬೆಲೆಯಲ್ಲಿ ಸರ್ಕಾರಕ್ಕೆ ಬರುವ ಪಾಲು ತೀರಾ ಕಡಿಮೆ. ಬಂದಿದ್ದರೆ ಆ ದುಡ್ಡಿನಲ್ಲಿ ಕಾರ್ಮಿಕರಿಗೆ ಮನೆ ಕಟ್ಟಬಹುದಿತ್ತು ಅಲ್ವಾ?

ಕ್ರಯಪತ್ರದ್ದೂ ಒಂದು ಕಥೆ ಇದೆ. ತಮಿಳುನಾಡಿನಲ್ಲಿ ಸ್ಟಾಂಪ್ ಡ್ಯೂಟಿ 7%, ರಿಜಿಸ್ಟ್ರೇಷನ್ 2%. 2023ಕ್ಕೆ ಮೊದಲು ಎರಡೂ ಸೇರಿ 11% ಇತ್ತು. ಅದನ್ನು ಉಳಿಸಲು ಪತ್ರದಲ್ಲಿ ಗೈಡ್‌ಲೈನ್ ಬೆಲೆ (ಸರ್ಕಾರ ಗೊತ್ತು ಮಾಡಿದ ಬೆಲೆ) ಮಾತ್ರ ಬರೆದು, ಮಿಕ್ಕದ್ದನ್ನು ಕೈಯಲ್ಲಿ ಕೊಡುವುದು ಎಲ್ಲರಿಗೂ ಗೊತ್ತಿರುವ ವಾಡಿಕೆ. ಇದರ ಪೆಟ್ಟು ಬೀಳುವುದು ಬೇರೆಯವರ ಮೇಲೆ. ಮುಂದೆ ಅದೇ ಊರಿನಲ್ಲಿ ಸರ್ಕಾರ ಜಮೀನು ಸ್ವಾಧೀನ ಮಾಡಿದರೆ, 2013ರ ಭೂಸ್ವಾಧೀನ ಕಾನೂನಿನ ಪ್ರಕಾರ ಬೆಲೆ ಕಟ್ಟುವುದು ಗೈಡ್‌ಲೈನ್ ಬೆಲೆ ನೋಡಿ, ಇಲ್ಲವೇ ಹಿಂದಿನ 3 ವರ್ಷದ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆ ಇರುವ ಅರ್ಧದಷ್ಟರ ಸರಾಸರಿ ನೋಡಿ. ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಪತ್ರಗಳಲ್ಲೇ ಬೆಲೆ ಕಡಿಮೆ ಇದ್ದರೆ ಸರಾಸರಿಯೂ ಕಡಿಮೆ. ಜಮೀನು ಮಾರದೆ ಉಳುಮೆ ಮಾಡಿಕೊಂಡೇ ಇದ್ದ ಮನೆಗೆ, ಅಕ್ಕಪಕ್ಕದವರು ಉಳಿಸಿದ ಡ್ಯೂಟಿಯ ನಷ್ಟ ಬಂದು ಬೀಳುತ್ತದೆ.

ಹೆಸರು ಎಲ್ಲೂ ಇಲ್ಲದವರು

ಇಷ್ಟು ಹೊತ್ತು ಮಾತಾಡಿದ್ದು ಪಟ್ಟಾ ಇದ್ದವರ ಬಗ್ಗೆ. ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಉಳುತ್ತಿದ್ದವರು, ಕಳೆ ಕೀಳಲು ಹೋಗುತ್ತಿದ್ದ ಹೆಂಗಸರು, ದನ ಮೇಯಿಸುತ್ತಿದ್ದವರು, ಹೂವಿನ ತೋಟದಲ್ಲಿ ಗುಲಾಬಿ ಕೀಳುತ್ತಿದ್ದವರು ಇವರಲ್ಲಿ ಇಲ್ಲ. ಅವರಲ್ಲಿ ಬಹಳ ಜನ ದಲಿತರು. ಹೊಲ ಸೈಟಾದ ದಿನ ಅವರ ಕೆಲಸ ಹೋಯಿತು. ಕ್ರಯಪತ್ರದಲ್ಲಿ ಅವರ ಹೆಸರು ಇಲ್ಲ, ಆದ್ದರಿಂದ ದುಡ್ಡಿನಲ್ಲಿ ಪಾಲೂ ಇಲ್ಲ.

2013ರ ಕಾನೂನು ಇವರನ್ನು ಮರೆತಿರಲಿಲ್ಲ ಅನ್ನುವುದು ಮುಖ್ಯ. ಸ್ವಾಧೀನಕ್ಕೆ ಮೊದಲು 3 ವರ್ಷ ಆ ಜಾಗದಲ್ಲಿ ಕೆಲಸ ಮಾಡಿ, ಅದರಿಂದಲೇ ಬದುಕಿದ್ದ ಗೇಣಿದಾರರು, ವಾರದವರು, ಕೂಲಿಯವರು ಕೂಡ ‘ಬಾಧಿತ ಕುಟುಂಬ’ ಅಂತ ಅದು ಹೇಳುತ್ತದೆ. ಅಂಥ ಕುಟುಂಬಕ್ಕೆ ಒಂದು ಕೆಲಸ, ಇಲ್ಲವೇ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ ಕೊಡಬೇಕು ಅಂತ ಅದರ ಎರಡನೇ ಷೆಡ್ಯೂಲಿನಲ್ಲಿ ಬರೆದಿದೆ. ಇಂಥವರು ಯಾರ್ಯಾರು ಇದ್ದಾರೆ ಅಂತ ಮೊದಲೇ ಹಳ್ಳಿಗೆ ಬಂದು ನೋಡಲಿ ಅಂತಲೇ ಸಾಮಾಜಿಕ ಪರಿಣಾಮ ಅಧ್ಯಯನವನ್ನು ಕಡ್ಡಾಯ ಮಾಡಿತ್ತು.

ತಮಿಳುನಾಡು ಇದರಿಂದ ಪಕ್ಕಕ್ಕೆ ಸರಿಯಿತು. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳಲು ಅದಕ್ಕೆ 1997ರ ತನ್ನದೇ ಕಾನೂನು ಇದೆ. ಕೇಂದ್ರದ ಕಾನೂನಿಗೆ 105ಎ ಅನ್ನುವ ಕಲಮು ಸೇರಿಸಿ, ಆ ಹಳೆಯ ಕಾನೂನನ್ನು ಹಾಗೇ ಉಳಿಸಿಕೊಂಡಿತು. 2019ರಲ್ಲಿ ಮದ್ರಾಸ್ ಹೈಕೋರ್ಟ್ ಅದು ಸಲ್ಲದು ಅಂದಿತು. ಅದೇ ವರ್ಷ ಸರ್ಕಾರ ಮತ್ತೊಂದು ಕಾನೂನು ತಂದು ಜೀವ ಕೊಟ್ಟಿತು. 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪರಿಹಾರದ ಮೊತ್ತ ಕೇಂದ್ರದ ಕಾನೂನಿನ ಹಾಗೇ ಸಿಗಬೇಕು, ಸರಿ. ಆದರೆ ಸಾಮಾಜಿಕ ಪರಿಣಾಮ ಅಧ್ಯಯನ ಬೇಕಿಲ್ಲ. ಅಧ್ಯಯನವೇ ಇಲ್ಲದಿದ್ದರೆ, ಪಟ್ಟಾ ಇಲ್ಲದವರ ಹೆಸರು ಪಟ್ಟಿಗೆ ಬರುವುದು ಹೇಗೆ? ಹಕ್ಕು ಕಾಗದದಲ್ಲಿದೆ. ಹಕ್ಕುದಾರರನ್ನು ಹುಡುಕುವ ಕೆಲಸವನ್ನು ಮಾತ್ರ ಕೈಬಿಟ್ಟಿದ್ದಾರೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ನೋವಾಗುವುದು ಇದೇ ಜಾಗದಲ್ಲಿ.

ಬ್ರೋಕರ್ ಮೂಲಕ ಖಾಸಗಿಯಾಗಿ ಕ್ರಯ ಆದರೆ ಆ ಕಾಗದದ ಹಕ್ಕೂ ಇಲ್ಲ. ಹೊಸೂರಿನ ಸುತ್ತಲಿನ ಲೇಔಟುಗಳಲ್ಲಿ ಹೆಚ್ಚಿನವು ಹಾಗೇ ಆದವು.

ಈಗ ವಿಮಾನ ನಿಲ್ದಾಣ. 2024ರ ಜೂನ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ ಘೋಷಿಸಿದರು. ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ನಿಲ್ದಾಣ. ಬೇರಿಕೆ, ಬಾಗಲೂರು ಕಡೆಯ ಜಾಗದ ಹೆಸರು ಮುಂದೆ ಬಂದಿದೆ. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 2033ರ ತನಕ ಇನ್ನೊಂದು ಹೊಸ ನಿಲ್ದಾಣ ಬರಬಾರದು ಅಂತ ಇದೆ, ಹಾಗಾಗಿ ದಾರಿ ಸಲೀಸಲ್ಲ. ಅದೇನೇ ಇರಲಿ, ಬೆಲೆ ಏರಲು ವಿಮಾನ ಹಾರಬೇಕಿಲ್ಲ. ಘೋಷಣೆ ಸಾಕು. ಬೊಮ್ಮಸಂದ್ರದ ತನಕ 2025ರ ಆಗಸ್ಟ್‌ನಲ್ಲಿ ಮೆಟ್ರೋ ಬಂತು. ಅಲ್ಲಿಂದ ಹೊಸೂರಿನ ತನಕ ಎಳೆಯುವ ಮಾತು ಇನ್ನೂ ಕಾಗದದ ಮೇಲಿದೆ. ಆದರೂ ಸೈಟು ಮಾರುವವರ ಜಾಹೀರಾತಿನಲ್ಲಿ ಮೆಟ್ರೋ ಆಗಲೇ ಬಂದು ನಿಂತಿದೆ. ಬರದೇ ಇರುವ ಸೌಕರ್ಯದ ಬೆಲೆಯನ್ನು ಇವತ್ತಿನ ಬಾಡಿಗೆದಾರರು ಕಟ್ಟುತ್ತಿದ್ದಾರೆ.

ಪರ್ಮನೆಂಟ್, ಕಾಂಟ್ರಾಕ್ಟ್, ಟ್ರೇನಿ

1980ರ ದಶಕದಲ್ಲಿ ಕಾರ್ಖಾನೆ ಸೇರಿದವರ ಬದುಕು ಬೇರೆ ರೀತಿ ಇತ್ತು. ಕೆಲಸ ಪರ್ಮನೆಂಟ್ ಆಗುತ್ತಿತ್ತು. ಪಿಎಫ್, ಇಎಸ್‌ಐ, ಬೋನಸ್, ಯೂನಿಯನ್ ಇತ್ತು. ಸಾಲ ತೆಗೆದು ಮೂವತ್ತು–ನಲವತ್ತರ ಸೈಟು ಕೊಂಡರು, ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಟ್ಟರು. ಟೈಟಾನ್ ತನ್ನ ನೌಕರರಿಗೆ ಟೌನ್‌ಶಿಪ್ ಕಟ್ಟಿಸಿತು. ಅದರ ನಕ್ಷೆ ಮಾಡಿದವರು ದೇಶದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಕೂಲಿ ಮಾಡಿ ಸ್ವಂತ ಮನೆ ಮಾಡಿಕೊಳ್ಳಬಹುದು ಅನ್ನುವ ನಂಬಿಕೆ ಆಗ ಸುಳ್ಳಾಗಿರಲಿಲ್ಲ.

ಇವತ್ತು ಅದೇ ರಸ್ತೆಯ ಕಾರ್ಖಾನೆಗಳಿಗೆ ಬರುವ ಹುಡುಗ ಹುಡುಗಿಯರು ಕಾಂಟ್ರಾಕ್ಟ್ ಮೇಲೆ ಬರುತ್ತಾರೆ, ಇಲ್ಲವೇ ಟ್ರೇನಿ, ಅಪ್ರೆಂಟಿಸ್ ಅಂತ ಬರುತ್ತಾರೆ. ಇದು ಹೊಸೂರು ಒಂದರದ್ದೇ ಕಥೆ ಅಲ್ಲ. ಕಾರ್ಖಾನೆಗಳ ವಾರ್ಷಿಕ ಸರ್ವೆ ನೋಡಿದರೆ, 2000ರ ಹೊತ್ತಿಗೆ ದೇಶದಲ್ಲಿ ಐದು ಕಾರ್ಮಿಕರಲ್ಲಿ ಒಬ್ಬರು ಕಾಂಟ್ರಾಕ್ಟಿನವರು. ಈಗ ಐದರಲ್ಲಿ ಇಬ್ಬರು. 1970ರ ಗುತ್ತಿಗೆ ಕಾರ್ಮಿಕರ ಕಾನೂನು 20 ಜನ ಇದ್ದರೆ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಮಿತಿ 50ಕ್ಕೆ ಏರಿದೆ. ಸಣ್ಣ ಸಣ್ಣ ಕಾಂಟ್ರಾಕ್ಟರುಗಳಾಗಿ ಹಂಚಿಕೊಂಡರೆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ.

ಕೆಲಸದ ಸ್ವರೂಪಕ್ಕೂ ಊರಿನ ಸ್ವರೂಪಕ್ಕೂ ನೇರ ಸಂಬಂಧ ಇದೆ. ಹನ್ನೊಂದು ತಿಂಗಳ ಕೆಲಸದವರಿಗೆ ಬ್ಯಾಂಕು ಮನೆ ಸಾಲ ಕೊಡುವುದಿಲ್ಲ. ಸೈಟು ಕೊಳ್ಳುವುದು ಕನಸು. ಅವರು ಬಾಡಿಗೆ ಕಟ್ಟುತ್ತಲೇ ಇರಬೇಕು. ಹಾಗಾಗಿ ಮೊದಲ ತಲೆಮಾರಿನ ಕಾರ್ಮಿಕರು ಮನೆ ಓನರ್ ಆದರು, ಎರಡನೇ ತಲೆಮಾರಿನವರು ಅವರ ಬಾಡಿಗೆದಾರರಾದರು. ಇಬ್ಬರೂ ಒಂದೇ ಕೈಗಾರಿಕೆಯ ದುಡಿಮೆಗಾರರು, ಆದರೆ ಹಿತಾಸಕ್ತಿ ಬೇರೆ ಬೇರೆ. ಬಾಡಿಗೆ ಏರಿದರೆ ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಊಟದ ಲೆಕ್ಕ.

ಮೂಕಂಡಪಳ್ಳಿ, ಜೂಜುವಾಡಿ ಕಡೆ ಶೀಟ್ ಮನೆಗಳ ಸಾಲುಗಳನ್ನು ನೋಡಿ. ಒಂದು ರೂಮು, ಹೊರಗೆ ಎಲ್ಲರಿಗೂ ಒಂದೆರಡು ಬಚ್ಚಲು. ಒಡಿಶಾ, ಬಿಹಾರ, ಜಾರ್ಖಂಡಿನವರು, ಧರ್ಮಪುರಿಯವರು, ಕರ್ನಾಟಕದವರು ಇದ್ದಾರೆ. ಎರಡು ಶಿಫ್ಟಿನವರು ಒಂದೇ ಚಾಪೆಯನ್ನು ಹಗಲು ರಾತ್ರಿ ಹಂಚಿಕೊಳ್ಳುವುದೂ ಉಂಟು. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಕರೆಂಟ್ ಉಚಿತ. ಆದರೆ ಆ ಸಾಲಿನ ಮೀಟರ್ ಇರುವುದು ಓನರ್ ಹೆಸರಿನಲ್ಲಿ. ಬಾಡಿಗೆದಾರರು ಒಳಗಿನ ಸಬ್ ಮೀಟರ್ ನೋಡಿ, ಓನರ್ ಹೇಳಿದ ದರ ಕೊಡುತ್ತಾರೆ. ಬಡವರಿಗೆ ಅಂತ ಕೊಟ್ಟ ರಿಯಾಯಿತಿ ಆಸ್ತಿ ಇದ್ದವರ ಹತ್ತಿರ ನಿಲ್ಲುತ್ತದೆ. 2019ರಿಂದ ಬಾಡಿಗೆ ಕರಾರು ನೋಂದಣಿ ಕಡ್ಡಾಯ. ಶೀಟ್ ಮನೆಗೆ ಯಾರು ಕರಾರು ಬರೆಯುತ್ತಾರೆ? ಕರಾರು ಇಲ್ಲದಿದ್ದರೆ ವಿಳಾಸದ ಪುರಾವೆ ಇಲ್ಲ. ಪುರಾವೆ ಇಲ್ಲದಿದ್ದರೆ ಗ್ಯಾಸ್ ಕನೆಕ್ಷನ್‌ಗೂ ಅಲೆದಾಟ.

ಟಾಟಾ ಎಲೆಕ್ಟ್ರಾನಿಕ್ಸ್ ಇಲ್ಲಿ ಐಫೋನಿನ ಭಾಗಗಳನ್ನು ಮಾಡುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಯುವತಿಯರು, ಜಾರ್ಖಂಡಿನಂಥ ದೂರದ ರಾಜ್ಯಗಳಿಂದಲೂ ಬಂದವರು, ಹಾಸ್ಟೆಲುಗಳಲ್ಲಿ ಇರುವವರು. ಹುಡುಗಿಯರ ಕೈಗೆ ಸಂಬಳ ಬಂದದ್ದು ಸಣ್ಣ ವಿಷಯವಲ್ಲ, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಹಾಸ್ಟೆಲು ಮತ್ತು ಕಂಪನಿ ಬಸ್ಸಿನ ನಡುವೆ ಇರುವವರು ಊರಿನವರಾಗುವುದು ಯಾವಾಗ? ವಾರ್ಡಿನಲ್ಲಿ ಅವರಿಗೆ ವೋಟಿಲ್ಲ. ವೋಟಿಲ್ಲದವರ ಬೀದಿಗೆ ಕೌನ್ಸಿಲರ್ ಬರುವುದಿಲ್ಲ.

ತಳಿ, ಬಾಗಲೂರು ಕಡೆಯ ಕನ್ನಡದ ಮಕ್ಕಳದ್ದು ಇನ್ನೊಂದು ತೊಡಕು. 2006ರ ಕಾನೂನಿನ ಮೇಲೆ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು. ತಮಿಳು ಕಲಿಯುವುದು ಒಳ್ಳೆಯದೇ, ಈ ಊರಿನಲ್ಲಿ ಬದುಕಲು ಬೇಕು. ಆದರೆ ದುಡ್ಡಿದ್ದವರು ಇಂಗ್ಲಿಷ್ ಶಾಲೆಗೆ, ಅಲ್ಲಿಂದ ಬೆಂಗಳೂರಿನ ಕಾಲೇಜಿಗೆ ಕಳಿಸಿದರು. ದುಡ್ಡಿಲ್ಲದ ಮನೆಯ ಮಕ್ಕಳು ಮೂರು ಭಾಷೆಯ ನಡುವೆ ಸಿಕ್ಕಿ, ಕೊನೆಗೆ ಹೌಸ್‌ಕೀಪಿಂಗ್, ಸೆಕ್ಯೂರಿಟಿ ಕೆಲಸಕ್ಕೆ ಬಂದು ನಿಂತರು. ಅವರ ಅಪ್ಪನ ಹೊಲದ ಮೇಲೇ ಆ ಕಟ್ಟಡ ನಿಂತಿರಬಹುದು.

ನೊರೆ ಮಾತ್ರ ಗಡಿ ದಾಟುತ್ತದೆ

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆ ದಕ್ಷಿಣ ಪಿನಾಕಿನಿ ನದಿಗೆ ಸೇರಿ, ತಮಿಳುನಾಡಿಗೆ ಬಂದು, ಹೊಸೂರಿನ ಪಕ್ಕದ ಕೆಲವರಪಳ್ಳಿ ಡ್ಯಾಮಿನಲ್ಲಿ ನಿಲ್ಲುತ್ತದೆ. ಮಳೆ ಬಂದು ಗೇಟು ತೆಗೆದರೆ ಆಳೆತ್ತರ ನೊರೆ ಏಳುತ್ತದೆ. ಆ ನೀರಿನಲ್ಲೇ ಕಾಲುವೆ ಕೆಳಗಿನ ರೈತರು ಬೆಳೆ ತೆಗೆಯುತ್ತಾರೆ. ಕುಡಿಯಲು 2013ರಿಂದ ಹೊಗೇನಕಲ್ ನೀರು ಬರುತ್ತಿದೆ, ಆದರೆ ಬೆಳೆದ ಊರಿಗೆ ಅದು ಸಾಲದು. ದುಡ್ಡಿದ್ದವರು ಆಳದ ಬೋರ್ ಹಾಕಿಸುತ್ತಾರೆ, ಟ್ಯಾಂಕರ್ ತರಿಸುತ್ತಾರೆ. ಶೀಟ್ ಮನೆಯವರು ಬಿಂದಿಗೆ ಹಿಡಿದು ಕಾಯುತ್ತಾರೆ.

ಸವಲತ್ತುಗಳು ಮಾತ್ರ ಗಡಿಯಲ್ಲೇ ನಿಲ್ಲುತ್ತವೆ. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಬಸ್ಸು ಕರ್ನಾಟಕದ ಹೆಂಗಸರಿಗೆ. ಹೊಸೂರಿನಲ್ಲಿದ್ದು ಬೊಮ್ಮಸಂದ್ರದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಅಲ್ಲಿನ ಆರ್ಥಿಕತೆಗೆ ದುಡಿಯುತ್ತಾಳೆ, ಟಿಕೆಟ್ ಮಾತ್ರ ಪೂರ್ತಿ ಕೊಡುತ್ತಾಳೆ. ಬೆಂಗಳೂರಿನ ಮಾಸ್ಟರ್ ಪ್ಲಾನ್ ಗಡಿಯ ಆಚೆ ಕೈ ಇಡುವ ಹಾಗಿಲ್ಲ. ಚೆನ್ನೈಗೆ ಹೊಸೂರು ಅಂದರೆ ಹೂಡಿಕೆಯ ಲೆಕ್ಕ, ಎಷ್ಟು ಸಾವಿರ ಕೋಟಿ, ಎಷ್ಟು ಉದ್ಯೋಗ ಅಂತ. ಎರಡು ಸರ್ಕಾರಗಳೂ ಕಾರ್ಖಾನೆಗಳಿಗಾಗಿ ಪೈಪೋಟಿ ಮಾಡುತ್ತವೆ. ಆ ಪೈಪೋಟಿಯಲ್ಲಿ ಕೂಲಿ ಜಾಸ್ತಿ ಕೊಡಿ, ಮನೆ ಕಟ್ಟಿಕೊಡಿ ಅಂತ ಕಂಪನಿಯನ್ನು ಕೇಳಿದರೆ, ಅವರು ಗಡಿ ಆಚೆ ಹೋಗಿಬಿಟ್ಟಾರು ಅನ್ನುವ ಭಯ ಇಬ್ಬರಿಗೂ ಇದೆ.

ಮಾಡಬಹುದಾದ ಕೆಲಸ ಇಲ್ಲದೆ ಇಲ್ಲ. ಸಿಪ್ಕಾಟ್ ಕಾರ್ಖಾನೆಗೆ ಜಾಗ ಕೊಡುವಾಗಲೇ ಅದರ ಒಂದು ಭಾಗವನ್ನು ಕಾರ್ಮಿಕರ ಬಾಡಿಗೆ ಮನೆಗಳಿಗೆ ಮೀಸಲಿಡಬಹುದು, ಒಂಟಿ ಹಾಸ್ಟೆಲುಗಳಿಗಷ್ಟೇ ಅಲ್ಲ, ಸಂಸಾರ ಇರುವವರಿಗೂ. ಕೃಷಿ ಜಮೀನಿನ ತೆರಿಗೆ ರಿಯಾಯಿತಿಯನ್ನು ನಿಜವಾಗಿ ಉಳುವವರಿಗೆ ಮಾತ್ರ ಉಳಿಸಬಹುದು. ದಕ್ಷಿಣ ಪಿನಾಕಿನಿಯ ಕೊಳಚೆಗೆ ಬೆಂಗಳೂರು ದುಡ್ಡು ಕಟ್ಟಬೇಕು. ಬಾಡಿಗೆ ಸಾಲಿಗೆ ಒಂದೊಂದು ರೂಮಿಗೂ ಒಂದೊಂದು ಮೀಟರ್ ಕೊಟ್ಟರೆ ಉಚಿತ ಯೂನಿಟ್ಟುಗಳು ಸೇರಬೇಕಾದವರನ್ನು ಸೇರುತ್ತವೆ.

ಎಲ್ಲಕ್ಕಿಂತ ತುರ್ತಾಗಿ ಆಗಬೇಕಾದ್ದು ಬೇರಿಕೆ, ಬಾಗಲೂರು ಕಡೆಯ ಹಳ್ಳಿಗಳಲ್ಲಿ. 1997ರ ಕಾನೂನು ಅಧ್ಯಯನ ಬೇಡ ಅಂದರೂ, ಮಾಡಬಾರದು ಅಂತ ಎಲ್ಲೂ ಹೇಳಿಲ್ಲ. ಸರ್ಕಾರ ಮನಸ್ಸು ಮಾಡಿದರೆ ನೋಟಿಸ್ ಕೊಡುವ ಮೊದಲೇ ಊರೂರಿಗೆ ಹೋಗಿ, ಆ 2,000 ಎಕರೆಯಲ್ಲಿ ವಾರಕ್ಕೆ ಉಳುವವರು ಯಾರು, ಕೂಲಿಗೆ ಹೋಗುವವರು ಯಾರು, ದನ ಮೇಯಿಸುವವರು ಯಾರು ಅಂತ ಗ್ರಾಮಸಭೆಯಲ್ಲೇ ಪಟ್ಟಿ ಮಾಡಬಹುದು. ಆ ಪಟ್ಟಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಪಂಚಾಯಿತಿ ಬೋರ್ಡಿನಲ್ಲಿ ಇರಲಿ. ಕಾನೂನು ಕೇಳುವುದು 3 ವರ್ಷ ಅಲ್ಲಿ ದುಡಿದ ಪುರಾವೆ. ಆ ಪುರಾವೆ ಇರುವುದು ಅಕ್ಕಪಕ್ಕದವರ ಬಾಯಿಯಲ್ಲಿ. ಜಮೀನು ಬ್ರೋಕರುಗಳ ಕೈ ಸೇರಿ, ಹೊಲ ಬೀಳು ಬಿದ್ದು, ಕೂಲಿಯವರು ಕೆಲಸ ಹುಡುಕಿಕೊಂಡು ಮೂಕಂಡಪಳ್ಳಿಯ ಶೀಟ್ ಮನೆಗೆ ಹೋದ ಮೇಲೆ ಆ ಪಟ್ಟಿ ಮಾಡಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಅದು ಈಗಲೇ ಆಗಬೇಕು.